ಜಾಲಿ ಬುಡದ ಮುಳ್ಳಿಲಿ

ಹೆದರಿದ ಮುಳ್ಳಿಲಿ ಓಡುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೆ, ನನ್ನ ಆಳುಗಳಿಗೆ ಹೇಳಿರಲಿಲ್ಲ. ಇಷ್ಟು ವರ್ಷವಾದರೂ ನನ್ನ ಮೇಲೆ ನನಗಿರುವ ಸಿಟ್ಟು ಇಳಿದಿಲ್ಲ.

ಎಂಬತ್ತರ ದಶಕದ ಕೊನೆ. ಮರಾಠಿ ಸೀಮೆಯ ವಾಳೂಜಿನಲ್ಲಿ ಕಾರ್ಖಾನೆಯೊಂದರ ಕಾಂಪೌಂಡು ಕಟ್ಟಲು ವಿಜಾಪುರ ಕಡೆಯ ಆಳುಗಳನ್ನು ಕರೆದೊಯ್ದಿದ್ದೆ. ನಾನೂ ಬುಟ್ಟಿ ಹೊತ್ತೇ ಮೇಸ್ತ್ರಿಯಾದವನು. ನಮ್ಮ ತಗಡಿನ ಶೆಡ್ಡುಗಳಲ್ಲಿ ಚೇಳಿನ ಕಾಟ. ಒಂದು ಸಂಜೆ ಅಂಗೈಯಗಲದ ಮುಳ್ಳಿಲಿಯೊಂದು ಶೆಡ್ಡಿನ ಹಿಂದೆ ಚೇಳನ್ನು ಹಿಡಿದು, ಮೊದಲು ಕೊಂಡಿ ಕಡಿದು, ಆಮೇಲೆ ಉಳಿದದ್ದನ್ನು ಕರುಕುರು ತಿಂದಿತು. ಅಷ್ಟರಲ್ಲಿ ನಾಯಿ ಬಂತು. ಇದು ಮೂತಿ, ಕಾಲು ಎಲ್ಲ ಒಳಗೆಳೆದುಕೊಂಡು ಮುಳ್ಳಿನ ಚೆಂಡಾಗಿ ಕೂತಿತು. ನಾಯಿ ಮೂಗು ಚುಚ್ಚಿಸಿಕೊಂಡು ಹೋಯಿತು. ಇಂಥ ಕಾವಲುಗಾರ ಪುಕ್ಕಟೆ ಸಿಕ್ಕರೆ ಬಿಡಬಾರದು.

ಗೋಡೆ ಶುರುವಾಗಬೇಕಿದ್ದ ಮೂಲೆಯ ಜಾಲಿ ಪೊದೆಯ ಬುಡದಲ್ಲೇ ಅದರ ಬಿಲ. ಒಳಗೆ ಕಣ್ಣು ಬಿಡದ ಎರಡು ಮರಿ. ಸೋಲಾಪುರ ಕಡೆಯ ಸೂಪರ್‌ವೈಸರನ ಬಳಿ ಹೋದೆ.

"ಸಾಹೇಬ್ರ, ಮುಳ್ಳಿಲಿ ಮರಿ ಹಾಕೈತ್ರಿ, ಈ ಮೂಲಿ ಹದಿನೈದು ದಿನ ಬಿಡ್ರಿ. ಆ ಕಡೆಯಿಂದ ಪಾಯಾ ತಗೀತೀವಿ."

"ಇಲಿ ಸಲುವಾಗಿ ಕಂಪನಿ ನಿಲ್ಲಸ್ಬೇಕೇನೋ ಮೇಸ್ತ್ರಿ? ನಾಳೆ ಹಾವಿನ ಬಾಣಂತನಾನೂ ಮಾಡ್ತಿ!"

"ಚೇಳು ಕಡದ್ರ ಆಳು ಊರಿಗಿ ಓಡ್ತಾವ. ಆಮ್ಯಾಲ ಇಟ್ಟಂಗಿ ನೀವು ಹೊರ್ತೀರೇನ್ರಿ?"

ನಕ್ಕು ಒಪ್ಪಿದ.

ಗೆದ್ದೆನೆಂದು ಬೀಗಿ, ಮರುದಿನ ಬೆಳಿಗ್ಗೆಯೇ ಮರಳು ನೋಡಲು ಹೋದೆ. ಬಂದಾಗ ಮೂಲೆಯಲ್ಲಿ ಹೊಗೆ. ನನ್ನವರೇ ಜಾಲಿಗೆ ಬೆಂಕಿ ಹಚ್ಚಿದ್ದರು.

"ಇಲ್ಲೇ ಪಾಯಾ ಅಂತ ಮೊನ್ನಿ ನೀವ ಹೇಳಿದ್ರಲ್ರಿ," ಎಂದಳು ಹಿರಿಯ ಹೆಣ್ಣಾಳು. "ಬೆಂಕಿ ಕಂಡ್ರ ಬೆಕ್ಕಿನಂಗ ಮರಿ ಕಚ್ಕೊಂಡು ಓಡ್ತೈತಿ ಅಂದ್ಕೊಂಡ್ವಿ."

"ಓಡ್ತೈತೇನ ಅದು? ಓಡ್ತೈತೇನ?" ಎಂದು ಅರಚಿದೆ. ಯಾರ ಮೇಲೆ ಅರಚಿದೆನೋ. ಹಳೆಯ ಹುಕುಮು ನನ್ನದು, ಅದನ್ನು ರದ್ದು ಮಾಡದೆ ಹೋದವನೂ ನಾನೇ.

ಬಿಲದ ಬಾಯಿಗೆ ತಾಯಿ ಬಿರಡೆಯಂತೆ ಮುದುಡಿ ಕೂತಿತ್ತು, ಮುಳ್ಳು ಹೊರಗೆ. ಹೊಗೆಗೆ ಮುಳ್ಳು ಚುಚ್ಚುತ್ತದೆಯೇ? ಹಿಂದಿದ್ದ ಮರಿಗಳಲ್ಲೂ ಉಸಿರಿರಲಿಲ್ಲ.

ಸಾಹೇಬರನ್ನು ಒಪ್ಪಿಸಿದೆವೆಂದು ಮೀಸೆ ತಿರುವಬೇಡಿ. ಬೆಂಕಿಪೊಟ್ಟಣ ಯಾರ ಕೈಯಲ್ಲಿದೆಯೋ ಅವರಿಗೆ ಮೊದಲು ಹೇಳಿ.

ಸೂಪರ್‌ವೈಸರ್ ಬಂದು ಬೂದಿ ನೋಡಿದ. "ಈಗೇನೂ ಇಲ್ಲಲ್ಲೋ. ಇಲ್ಲಿಂದ್ಲೇ ಶುರು ಮಾಡು."

"ಹದಿನೈದು ದಿನಕ್ಕ ಒಪ್ಪೀರಿ, ಹದಿನೈದು ದಿನ," ಎಂದೆ. ಗುದ್ದಲಿ ಹಿಡಿದು ಆ ಕಡೆಯ ಮೂಲೆಗೆ ನಡೆದೆ.