ಹೊಗೆ ಕುಡಿದ ಕಪ್ತಾನ

ಮೂವತ್ತು ದಾಟಿದ ಗಂಡಸರು ಬೆರಳುದ್ದದ ಪ್ಲಾಸ್ಟಿಕ್ ಗೊಂಬೆಗಳನ್ನು ಸಂಗ್ರಹಿಸುತ್ತಿದ್ದರೆಂದರೆ ಈಗಿನವರಿಗೆ ಆಶ್ಚರ್ಯವಾಗದು. ಎಂಬತ್ತರ ದಶಕದ ತಿಪಟೂರಿನಲ್ಲಿ ಮಾತ್ರ ಜನ ಮುಚ್ಚುಮರೆಯಿಲ್ಲದೆ ನಗುತ್ತಿದ್ದರು. ನಕ್ಕವರ ಮೇಲೆ ನನಗೆ ಬೇಸರವಿಲ್ಲ. ಹೇಸಿಗೆ ಹುಟ್ಟಿಸಿದವರು ನಮ್ಮ ಜೊತೆಯಲ್ಲೇ ಕೂತು ಗೊಂಬೆ ಜೋಡಿಸುತ್ತಿದ್ದವರು.

ಆಕಾಶನೌಕೆಗಳ ಒಂದು ವಿದೇಶಿ ಚಿತ್ರಸರಣಿ ಆಗ ಬೆಂಗಳೂರಿನ ಟಾಕೀಸುಗಳಿಗೆ ಬರುತ್ತಿತ್ತು. ಅದರ ಪಾತ್ರಗಳನ್ನು ನಮ್ಮ ದೇಶದ್ದೇ ಒಂದು ಕಾರ್ಖಾನೆ ಗೊಂಬೆಗಳಾಗಿ ಎರಕ ಹೊಯ್ದು ಮಾರುತ್ತಿತ್ತು. ಕಾರ್ಖಾನೆಯಲ್ಲಿ ಒಂದು ಬಣ್ಣ ಮುಗಿದರೆ ಕೈಗೆ ಸಿಕ್ಕ ಇನ್ನೊಂದು ಬಣ್ಣ ಹೊಡೆಯುತ್ತಿದ್ದರಂತೆ. ಹಾಗಾಗಿ ಅದೇ ಮುಖ, ಅದೇ ಬಂದೂಕು, ಅಂಗಿ ಮಾತ್ರ ಬೇರೆ ಬಣ್ಣ. ಇಂಥ ಬೇರೆ ಬಣ್ಣದವುಗಳೇ ಸಂಗ್ರಹಕಾರರ ಹುಚ್ಚು. 'ಹೊಡೆಯುತ್ತಿದ್ದರಂತೆ' ಎಂದು ಬರೆಯಲು ಕಾರಣವಿದೆ: ಆ ಕಾರ್ಖಾನೆಯನ್ನು ನಮ್ಮಲ್ಲಿ ಯಾರೂ ಕಂಡವರಲ್ಲ. ನಾನು ಏಳನೆಯ ತರಗತಿಯಲ್ಲಿ ಶಾಲೆ ಬಿಟ್ಟವನು. ಆಮೇಲಿನ ಓದೆಲ್ಲ ಮಾಯಸಂದ್ರದ ಹತ್ತಿರದ ನಮ್ಮ ತೋಟದಲ್ಲಿ, ಎರವಲು ತಂದ ಪುಸ್ತಕಗಳಲ್ಲಿ. ಪಾಠ ಹೇಳುವವರಿಲ್ಲದೆ ಓದಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾರು ಏನೇ ಹೇಳಲಿ, ಕಣ್ಣಾರೆ ಕಂಡವರು ಯಾರು ಎಂದು ಅವನು ಕೇಳಿಯೇ ತೀರುತ್ತಾನೆ.

ನನ್ನ ಬಳಿ ಬಿಳಿ ಅಂಗಿಯ ಕಪ್ತಾನನಿದ್ದ. ಬೆಂಗಳೂರಿನ ಅಂಗಡಿಯೊಂದರಲ್ಲಿ, ಮುಚ್ಚಿದ ಪೊಟ್ಟಣದಲ್ಲಿ ಕೊಂಡು, ನಾನೇ ಬಿಚ್ಚಿದ್ದು. ಅವನ ಮೇಲಿದ್ದ ಬಣ್ಣವೆಲ್ಲ ಕಾರ್ಖಾನೆಯದೇ ಎಂದು ಆಣೆಯಿಟ್ಟು ಹೇಳಬಹುದಾಗಿದ್ದ ಗೊಂಬೆ, ನಮ್ಮ ಗುಂಪಿನಲ್ಲಿ ಅದೊಂದೇ. ಉಳಿದವೆಲ್ಲ ಕೈಯಿಂದ ಕೈಗೆ, ಕಥೆಯಿಂದ ಕಥೆಗೆ ದಾಟಿ ಬಂದವು.

ಗುಂಪು ಸೇರುತ್ತಿದ್ದುದು ತಿಪಟೂರಿನ ಒಂದು ಕೊಬ್ಬರಿ ಮಂಡಿಯ ಹಿಂಕೋಣೆಯಲ್ಲಿ. ಮಂಡಿಯ ಸಾಹುಕಾರರು ನನಗಿಂತ ಹಿರಿಯರು, ವಿಭೂತಿಯ ಹಣೆ, ಸವಿಮಾತಿನವರು. ಅವರು ಹೇಳಿದ್ದಕ್ಕೆಲ್ಲ ತಲೆದೂಗಲು ಬ್ಯಾಂಕಿನ ಗುಮಾಸ್ತರೊಬ್ಬರಿದ್ದರು. ಒಂದು ಭಾನುವಾರ ಸಾಹುಕಾರರು ಕರವಸ್ತ್ರದ ಗಂಟು ಬಿಚ್ಚಿ ಒಬ್ಬ ಕಪ್ತಾನನನ್ನು ನಿಲ್ಲಿಸಿದರು. ಅಂಗಿ ಜೇನಿನ ಬಣ್ಣ, ಮುಖ ಕೂಡ ಕಂದು.

"ಮರಳುಗಾಡಿನ ಗ್ರಹಕ್ಕೆ ಇಳಿಯೋ ಕಪ್ತಾನ ಕಣ್ರೀ ಇವನು," ಎಂದರು. "ಕಾರ್ಖಾನೇಲಿ ಒಂದೇ ಪಾಳಿ ಈ ಬಣ್ಣ ಹೊಡ್ದವ್ರೆ. ಆಮೇಲೆ ನಿಲ್ಲಿಸ್ಬುಟ್ರು."

"ಯಾರು ನೋಡಿದ್ದು?" ಎಂದೆ.

"ಶುರುವಾಯ್ತು ನೋಡಿ ಇವ್ರದು," ಎಂದು ಗುಮಾಸ್ತರು ನಕ್ಕರು. "ಎಲ್ಲಾರೂ ಹೇಳ್ತಾರಲ್ರೀ!"

ಗೊಂಬೆಯನ್ನು ಕೈಗೆತ್ತಿಕೊಂಡೆ. ಬೆರಳಿಗೆ ಜಿಡ್ಡು ಅಂಟಿತು. ಮೂಗಿನ ಬಳಿ ಹಿಡಿದೆ. ತೆಂಗಿನ ಮಟ್ಟೆಯ ಹೊಗೆ, ಅದರ ಮೇಲೆ ಕಮಟು ಹಿಡಿದ ಎಣ್ಣೆಯ ವಾಸನೆ. ನಮ್ಮ ಸೀಮೆಯಲ್ಲಿ ಈ ವಾಸನೆ ಗೊತ್ತಿಲ್ಲದ ಮೂಗಿಲ್ಲ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ನೀರು ಇಂಗಿ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುವವರೆಗೆ ವರ್ಷದ ಹತ್ತಿರ ಹತ್ತಿರ ಕಾಯುತ್ತೇವೆ. ಕೆಳಗೆ ಆಗಾಗ ಮಟ್ಟೆಯ ಸಣ್ಣ ಹೊಗೆ ಹಾಕುತ್ತೇವೆ. ಆ ಅಟ್ಟದ ಮೇಲೆ ಏನಿಟ್ಟರೂ ಅದೇ ಜೇನುಬಣ್ಣ, ಅದೇ ಜಿಡ್ಡು.

"ಇದನ್ನ ಎಲ್ಲಿಟ್ಟಿದ್ರಿ ನೀವು?"

"ತೋಟದ ಮನೆ ಅಟ್ಟದಾಗೆ, ಕೊಬ್ಬರಿ ಜೊತೇಲಿ. ಮೊಮ್ಮಕ್ಕಳ ಕೈಗೆ ಸಿಗಬಾರ್ದಲ್ಲ!" ಎಂದರು ಸಾಹುಕಾರರು, ಯಾವ ಅಳುಕೂ ಇಲ್ಲದೆ.

ಜೋಪಾನವಾಗಿರಬೇಕಾದ್ದನ್ನೆಲ್ಲ ಅಟ್ಟಕ್ಕೇರಿಸುವುದು ನಮ್ಮ ಕಡೆಯ ರೂಢಿ. ಬೇರೆ ಊರಿನವರು ಈ ತಪ್ಪು ಮಾಡಲಾರರು. ಏರಿಸುವಾಗ ಆ ಕಪ್ತಾನ ಬಿಳಿಯಾಗಿದ್ದನೆಂಬುದನ್ನು ಅವರು ಮರೆತಿದ್ದರೋ, ಮರೆಯಲು ನಿಶ್ಚಯಿಸಿದ್ದರೋ, ನಾನು ಹೇಳಲಾರೆ.

"ಇವನ ಕೈ ಮೇಲಕ್ಕೆತ್ತಿ," ಎಂದೆ. "ಕಂಕುಳಲ್ಲಿ ಹೊಗೆ ಹೋಗಿರೋದಿಲ್ಲ. ಬಿಳಿಯಿದ್ದರೆ ಇದು ಅಟ್ಟದ ಬಣ್ಣ."

ಸಾಹುಕಾರರು ಗೊಂಬೆಯ ತೋಳನ್ನು ಮೆಲ್ಲನೆ ತಿರುಗಿಸಿದರು. ಕಂಕುಳು ಹಾಲಿನಷ್ಟು ಬೆಳ್ಳಗಿತ್ತು. ವಾದ ಮುಗಿಯಿತೆಂದುಕೊಂಡೆ. ಗುಮಾಸ್ತರು ತೊಡೆ ತಟ್ಟಿದರು.

"ಅಗೋ! ಅಲ್ಲೇ ಗೊತ್ತಾಗೋಯ್ತು! ಕೈ ಜೋಡಿಸಿದ ಮೇಲೆ ಕಾರ್ಖಾನೆಯವರು ಬಣ್ಣ ಹೊಡ್ದವ್ರೆ. ಇದಕ್ಕಿಂತ ಸಾಕ್ಷಿ ಬೇಕೇನ್ರೀ?"

ಸುಳ್ಳು ಹೇಳುವವನನ್ನು ಸಹಿಸಬಹುದು. ಸತ್ಯವನ್ನು ಎದುರಿಗಿಟ್ಟರೆ ಅದನ್ನೇ ಸುಳ್ಳಿಗೆ ಆಸರೆಯಾಗಿ ನಿಲ್ಲಿಸಿಕೊಳ್ಳುವವನ ಮುಂದೆ ಕುಳಿತಾಗ, ಎಂಜಲು ತಟ್ಟೆಯಲ್ಲಿ ಊಟ ಬಡಿಸಿದಂತಾಗುತ್ತದೆ. "ಮರಳುಗಾಡಿನ ಗ್ರಹದಲ್ಲೂ ಕೊಬ್ಬರಿ ಅಟ್ಟ ಇದೆ ಅಂತ ನನಗೆ ಗೊತ್ತಿರಲಿಲ್ಲ," ಎಂದು ಎದ್ದೆ.

"ಕೋಪ ಮಾಡ್ಕೋಬೇಡಿ," ಎಂದು ಸಾಹುಕಾರರು ಬಾಗಿಲವರೆಗೆ ಬಂದರು. "ಬೆಂಗಳೂರಿನಿಂದ ತಿಳಿದೋರೊಬ್ರು ಬತ್ತಾವ್ರೆ. ನಿಮ್ಮ ಬಿಳೀದೂ ನಂದೂ ಪಕ್ಕಪಕ್ಕ ಇಟ್ಟು ಅವ್ರನ್ನೇ ಕೇಳ್ಬುಡಾನ. ಕೊಟ್ಟಿರಿ."

ನನಗೆ ಬೇಕಾದದ್ದೂ ಅದೇ. ಎರಡೂ ಒಂದೇ ಅಚ್ಚಿನವು. ಅಟ್ಟ ಹತ್ತದ ನನ್ನ ಗೊಂಬೆಯ ಪಕ್ಕದಲ್ಲಿ ಅವರದು ನಿಂತರೆ ಹೊಗೆ ತಾನಾಗಿ ಮಾತಾಡುತ್ತದೆ ಎಂದು ನಂಬಿ, ಮರುದಿನವೇ ಕಪ್ತಾನನನ್ನು ಕೊಟ್ಟು ಬಂದೆ.

ಬೆಂಗಳೂರಿನ ತಿಳಿದವರು ಬರಲೇ ಇಲ್ಲ. ಸಂಕ್ರಾಂತಿ ಕಳೆದ ಮೇಲೆ ಸಾಹುಕಾರರೇ ನಮ್ಮ ಮನೆಗೆ ಬಂದರು, ಮುಖದ ತುಂಬ ನಗು. ಜೇಬಿನಿಂದ ಕಪ್ತಾನನನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಅಂಗಿ ಕಡುನೀಲಿ. ಎತ್ತುಗಳ ಕೊಂಬಿಗೆ ಹಬ್ಬದಲ್ಲಿ ಬಳಿಯುವ ನೀಲಿ. ಬಳಿದ ಕುಂಚದ ಒಂದು ಕೂದಲು ಎದೆಯ ಮೇಲೆ ಅಂಟಿಕೊಂಡು ಒಣಗಿತ್ತು.

"ನಿಮಗೂ ಒಂದು ಅಪರೂಪದ್ದು ಇರ್ಲಿ ಅಂತ," ಎಂದರು. "ಪಾಪ, ಬರೀ ಬಿಳೀದು ಇಟ್ಕೊಂಡು ಕೂತಿದ್ರಿ. ನಾನೇ ಕೂತು ಬಳ್ದೆ. ಯಾರಾದ್ರೂ ಕೇಳಿದ್ರೆ ಕಾರ್ಖಾನೇದೇ ಅನ್ನಿ, ನಾನೂ ಹಂಗೇ ಅಂತೀನಿ."

ಕೆಡುಕು ಮಾಡಬೇಕೆಂದು ಮಾಡಿದ್ದರೆ ಬೈದು ಹಗುರವಾಗುತ್ತಿದ್ದೆ. ಅವರು ಪ್ರೀತಿಯಿಂದಲೇ ಮಾಡಿದ್ದರು. ಆ ಪ್ರೀತಿಯೇ ನನಗೆ ಅಸಹ್ಯವೆನಿಸಿತು. ಕೊಟ್ಟ ಕೈಯ ಬೆವರಿನೊಂದಿಗೆ ಅದು ಅಂಗೈಗೆ ಮೆತ್ತಿಕೊಂಡಿತ್ತು. ಅವರ ಕಂದು ಕಪ್ತಾನ ಏನೆಂದು ಹೇಳಬಲ್ಲ ಒಂದೇ ಒಂದು ಸಾಕ್ಷಿಯ ಬಾಯಿಗೆ ಕೊಂಬಿನ ಬಣ್ಣ ತುರುಕಿದ್ದರು. ಕಾಫಿ ಕುಡಿದು ಹೋದರು.

ನಾನು ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜಿದೆ. ನೀಲಿ ಬಿಟ್ಟಿತು, ಆದರೆ ಸೀಳುಗಳಲ್ಲಿ ಉಳಿಯಿತು. ಬ್ಲೇಡು ಹಿಡಿದು ಕೆರೆದೆ. ಮುಖಕ್ಕೆ ಸಿಡಿದಿದ್ದ ನೀಲಿಯನ್ನು ತೆಗೆಯಹೋದರೆ ಕಾರ್ಖಾನೆ ಬರೆದಿದ್ದ ಕಣ್ಣುಗಳೂ ಹೋದವು, ಹುಬ್ಬುಗಳೂ ಹೋದವು. ಮನೆಯವಳು ಕಾಯಿ ತುರಿಯುತ್ತ ನೋಡುತ್ತಿದ್ದಳು.

"ಬುಡಿ ಅತ್ಲಾಗೆ. ಹೆಣ ತೊಳ್ದಂಗೆ ತೊಳೀತಾ ಇದೀರಲ್ಲ," ಎಂದಳು.

ಅವಳ ಮಾತು ಸರಿಯಾಗಿಯೇ ಇತ್ತು. ಆದರೂ ಬಿಡಲಿಲ್ಲ. ಕೊನೆಗೆ ಉಳಿದದ್ದು ಅಲ್ಲಲ್ಲಿ ಗೀರು ಬಿದ್ದ, ಮುಖವಿಲ್ಲದ ಬಿಳಿಯ ತುಂಡು.

ನಾನು ಮಂಡಿಗೆ ಹೋಗುವುದನ್ನು ನಿಲ್ಲಿಸಿದ ಮೇಲೆ ಗುಮಾಸ್ತರೊಮ್ಮೆ ವಿಚಾರಿಸಲು ಬಂದರು. ಕಿಟಕಿಯಲ್ಲಿದ್ದ ಆ ತುಂಡನ್ನು ಕಂಡವರೇ ಬಗ್ಗಿ, ಮುಟ್ಟಲೂ ಹೆದರಿ, ಉಸಿರು ಹಿಡಿದರು.

"ಕಣ್ಣೇ ಬರೆದಿಲ್ಲ! ಬಣ್ಣ ಹೊಡೆಯೋಕೆ ಮುಂಚೇದು ಇದು. ಇಂಥದ್ದು ಹೊರಗೆ ಬರೋದೇ ಇಲ್ಲ ಕಣ್ರೀ. ಎಲ್ಲಿ ಸಿಕ್ತು?"

"ನಾನೇ ಕೆರೆದದ್ದು. ಈ ಬ್ಲೇಡಿನಿಂದ," ಎಂದು ಬ್ಲೇಡನ್ನೂ ತೋರಿಸಿದೆ.

"ಸಿಕ್ಕಿದ ಜಾಗ ಹೇಳಬಾರ್ದು ಅಂದ್ರೆ ಹೇಳಬೇಡಿ ಬುಡಿ," ಎಂದು ಅವರು ಕಣ್ಣು ಮಿಟುಕಿಸಿದರು.

ಅವರಿಂದಲೇ ಸುದ್ದಿ ಹಬ್ಬಿರಬೇಕು. ಬೇಸಗೆಯಲ್ಲಿ ಹುಳಿಯಾರಿನಿಂದ ಗುರುತಿಲ್ಲದವರೊಬ್ಬರು ಎರಡು ಬಸ್ಸು ಬದಲಿಸಿ ಬಂದರು. ಅವರನ್ನು ಜಗಲಿಯಲ್ಲಿ ಕೂರಿಸಿ ಎಲ್ಲವನ್ನೂ ಮೊದಲಿನಿಂದ ಹೇಳಿದೆ: ಅಂಗಡಿ, ಅಟ್ಟ, ಕೊಂಬಿನ ಬಣ್ಣ, ಸೀಮೆಎಣ್ಣೆ, ಬ್ಲೇಡು. ಅವರು ಎಲ್ಲಿಯೂ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಒಬ್ಬರಾದರೂ ಸಿಕ್ಕರೆಂದು ನನ್ನ ಮನಸ್ಸು ಮೊದಲ ಬಾರಿಗೆ ತಿಳಿಯಾಯಿತು.

"ಎಲ್ಲಾ ಸರಿ ಸ್ವಾಮಿ," ಎಂದರು ಅವರು. "ಕೊಡೋಕೆ ಇಷ್ಟ ಇಲ್ದೋರು ಹಿಂಗೇ ಏನಾರ ಹೇಳ್ತಾರೆ. ಬದ್ಲಿಗೆ ಯಾವ್ದು ಕೊಟ್ರೆ ಕೊಡ್ತೀರಾ, ಅದನ್ನ ಹೇಳಿ."

ಬಿಸಿಲಲ್ಲಿ ಬಂದವರಾದ್ದರಿಂದ ಎಳನೀರು ಕೆತ್ತಿ ಕೊಟ್ಟೆ. ಕಪ್ತಾನನನ್ನು ಕೊಡಲಿಲ್ಲ.