ಹಲಗೆಯ ಕೆಳಗಿನ ತಬಲಾ

ಮೌನೇಶ ಕಾಕಾ ಟ್ರಾನ್ಸಿಸ್ಟರಿಗೂ ಜ್ವರ ನೋಡುತ್ತಿದ್ದರು. ಮಕ್ಕಳ ಹಣೆ ಮುಟ್ಟುವಂತೆ ಬೆರಳ ಹಿಂಬದಿಯನ್ನು ಆಂಪ್ಲಿಫೈಯರಿನಲ್ಲಿ ಅದನ್ನು ಕೂರಿಸಿದ ಅಲ್ಯೂಮಿನಿಯಂ ಪಟ್ಟಿಗೆ ತಾಗಿಸಿ, "ಸ್ವಲ್ಪ ಬಿಸಿ ಐತಿ, ಕಾಳಜಿ ಇಲ್ಲ" ಎನ್ನುವರು. ಇಳಕಲ್ಲಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಗ್ರಾನೈಟ್ ಪಾಲಿಶ್ ಕಾರ್ಖಾನೆಯಿಂದ ಬಂದವರೇ ಸೋಲ್ಡರಿಂಗ್ ಐರನ್ ಹಿಡಿದು ಕೂರುತ್ತಿದ್ದರು. ಆಂಪ್ಲಿಫೈಯರಿಗೆ ತಳ ಯಾವುದು? ಕೆಂಪು ಗ್ರಾನೈಟು! ಎತ್ತಲು ಇಬ್ಬರು ಬೇಕು. "ನಗಬ್ಯಾಡ ತಂಗಿ, ನಮ್ಮೂರ ಕಲ್ಲಿದು, ಅಳ್ಳಾಡಂಗಿಲ್ಲ."

ಈ ಸಾಹಸವೆಲ್ಲ ಹೆಂಡತಿ ನೀಲವ್ವ ಕಾಕುಗಾಗಿ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಮಗ್ಗದಲ್ಲಿ ಸೀರೆ ನೇಯುವ ಕಾಕುಗೆ ಹಾಡಿಲ್ಲದೆ ಕೈ ಓಡದು. ಆದರೆ ಕಿವಿ ಮಂದವಾಗುತ್ತಾ ಬಂತು. ದವಾಖಾನೆಯಿಂದ ತಂದ ಕಿವಿಯ ಮಷೀನು ಮಗ್ಗದ ಸದ್ದನ್ನಷ್ಟೇ ದೊಡ್ಡದು ಮಾಡುತ್ತದೆಂದು ಪೆಟ್ಟಿಗೆ ಸೇರಿತು. ಕಾಕಾ ಛಲ ಬಿಡದೆ ಒಂದಕ್ಕಿಂತ ಒಂದು ದೊಡ್ಡ ಆಂಪ್ಲಿಫೈಯರ್ ಕಟ್ಟಿದರು.

ಕೊನೆಯದನ್ನು ಹಚ್ಚುವಾಗ ನಾನೂ ಇದ್ದೆ. ಮೊದಲು ಒಂದು ಬಲ್ಬಿನ ಮೂಲಕ ಕರೆಂಟು ಬಿಡುವುದು ಅವರ ಪದ್ಧತಿ. ಬಲ್ಬು ಝಗ್ಗನೆ ಉರಿದರೆ ಒಳಗೆಲ್ಲೋ ಶಾರ್ಟ್ ಆಗಿದೆ ಎಂದರ್ಥ. ಉರಿಯಿತು. "ಟ್ರಾನ್ಸಿಸ್ಟರ್ ಬುಡಕ್ಕ ಕರೆಂಟ್ ತಡಿಯೋ ಮೈಕಾ ಹಾಳಿ ಹಾಕೋದ ಮರತೀನಿ ನೋಡು!" ಎಂದು ಹಣೆ ಚಚ್ಚಿಕೊಂಡರು. ಹಾಳೆ ಹಾಕಿ ಮತ್ತೆ ಹಚ್ಚಿದಾಗ ಹಾಡಿನ ಅಬ್ಬರಕ್ಕೆ ಅಡುಗೆಮನೆಯ ತಾಟುಗಳು ಗಲಗಲ ಎಂದವು, ಓಣಿಯ ಜನ ಬಾಗಿಲಿಗೆ ಬಂದರು. ಮಗ್ಗದಿಂದ ಕಾಕು ಕೇಳಿದರು: "ಏನ್ರೀ, ಇನ್ನೂ ಹಚ್ಚಿಲ್ಲೇನು?"

ಜನ ನಕ್ಕರು. ಕಾಕಾ ನಗಲಿಲ್ಲ. ಎಲ್ಲ ಆರಿಸಿ ಗೋಡೆಗೊರಗಿ ಕೂತರು.

ಮರುದಿನ ಹೋಗಿ ನೋಡಿದರೆ, ಕುಣಿಯ ಅಂಚನ್ನು ಅಗೆದು ಸ್ಪೀಕರ್ ಪೆಟ್ಟಿಗೆಯನ್ನು ಹುಗಿದು, ಅದರ ಮೇಲೆ ಕಾಕು ಕೂರುವ ಹಲಗೆಯನ್ನು ಬಿಗಿದಿದ್ದರು. ಸದ್ದು ಹದವಾಗಿಯೇ ಇಟ್ಟರು. ಹಾಡು ಶುರುವಾದದ್ದೇ ಕಾಕುವಿನ ಕೈ ನಿಂತಿತು.

"ರೀ... ತಬಲಾ ಬಂತ್ರೀ! ತೊಡಿಗೆ ಬಂತು!"

ಕುಣಿಯೊಳಗೆ ಅವರ ಕಾಲು ತಾಳ ಹಿಡಿಯಿತು. ಕಾಕಾ ನನಗೆ ಬೆನ್ನು ಮಾಡಿ ಬಹಳ ಹೊತ್ತು ಆಂಪ್ಲಿಫೈಯರಿನ ಜ್ವರ ನೋಡುತ್ತ ಕೂತರು. ಕಣ್ಣೊರೆಸಿಕೊಳ್ಳುತ್ತಿದ್ದುದು ನನಗೆ ಕಾಣದಿರಲೆಂದು.

ಈ ಚಳಿಗಾಲ ಕಾಕಾ ತೀರಿಕೊಂಡರು. ಮಗ್ಗವೂ ಸುಮ್ಮನಾಯಿತು. ಓಣಿಯಲ್ಲಿ ನಡೆದರೆ ಅವರಿಲ್ಲದ್ದಕ್ಕೆ ಈಗಲೂ ಸಂಕಟವಾಗುತ್ತದೆ. ಮೊನ್ನೆ ಕಾಕು ನನ್ನನ್ನು ಕರೆದರು. "ಹಾಡು ಹಚ್ಚವಾ. ನನಗ ಅದರದು ತಿಳಿಯಂಗಿಲ್ಲ."

ಹಚ್ಚಿದೆ. ಕಾಕು ಹಲಗೆಯ ಕಡೆ ಹೋಗಲಿಲ್ಲ. ಕೆಂಪು ಕಲ್ಲಿನ ಮುಂದೆ ಕುಕ್ಕರಿಸಿ, ಬೆರಳ ಹಿಂಬದಿಯನ್ನು ಪಟ್ಟಿಗೆ ತಾಗಿಸಿದರು. ಅದಿನ್ನೂ ತಣ್ಣಗಿತ್ತು. ಅವರು ಕೈ ತೆಗೆಯಲಿಲ್ಲ. ಎರಡು ಹಾಡು ಮುಗಿದವು.

"ಈಗ ಬೆಚ್ಚಗಾತು" ಎಂದು ಎದ್ದುಹೋಗಿ ಹಲಗೆಯ ಮೇಲೆ ಕೂತರು.