ಮಾರ್ಕು ಹಾಕಬೇಕಾದವರು

ಮೇಡಂ ಉತ್ತರ ಓದುವ ಮೊದಲು ಹಾಳೆಯ ಮೇಲೆ ಬಲಗೈ ಹೆಬ್ಬೆರಳನ್ನು ಮೇಲಿಂದ ಕೆಳಕ್ಕೆ ಒಮ್ಮೆ ಎಳೆಯುತ್ತಿದ್ದರು. ಆ ಬೆರಳಿನ ತುದಿ ಸವೆದು ನುಣ್ಣಗಾಗಿತ್ತು. ನೇಯ್ದ ಸೀರೆಯಲ್ಲಿ ಎಳೆ ತಪ್ಪಿದೆಯಾ ಎಂದು ನಮ್ಮ ಬೀದಿಯ ಹಿರಿಯರು ಹೀಗೇ ಸವರಿ ನೋಡುತ್ತಾರೆ. ತಮಿಳುನಾಡಿನ ಸೇಲಂನ ಕನ್ನಡದ ನೇಕಾರರ ಮನೆಯ ಹುಡುಗಿಯಾದ ನನಗೆ ಅವರು ಯಾವ ಮನೆಯವರೆಂದು ಅಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಅಷ್ಟು ದಡ್ಡಿ ನಾನು.

ಅವರು ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಸಾಹಿತ್ಯ ಕಲಿಸುತ್ತಿದ್ದರು. ಕೆಂಪು ಶಾಯಿ ಮುಟ್ಟುತ್ತಿರಲಿಲ್ಲ. ಹಸಿದ ಹೊಟ್ಟೆಯಲ್ಲಿ ತಿದ್ದಿದರೆ ಮಕ್ಕಳ ಮಾರ್ಕು ತಿಂದುಬಿಡುತ್ತೇವೆ ಎಂದು, ಕಟ್ಟು ಬಿಚ್ಚುವ ಮೊದಲು ಒಂದು ಹಿಡಿ ಹುರಿಗಡಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ತೀರಾ ಮೆಚ್ಚಿದರೆ ತಮಿಳಿನಲ್ಲಿ 'ಪರವಾಯಿಲ್ಲೈ', ಅಂದರೆ ಪರವಾಗಿಲ್ಲ, ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಿಂದ ಬಂದದ್ದನ್ನು ಯಾರೂ ಕೇಳಿಲ್ಲ.

ಎರಡನೇ ವರ್ಷ 'ನನ್ನ ತಾಯಿಯ ಒಂದು ದಿನ' ಎಂದು ಬರೆಯಲು ಕೊಟ್ಟರು. ಇಂಟರ್ನಲ್ ಮಾರ್ಕಿನ ಪ್ರಶ್ನೆ. ನಾನು ಗೈಡ್ ನೋಡಿ ಬರೆದೆ: ತಾಯಿ ಕೋಳಿ ಕೂಗುವಾಗ ಏಳುತ್ತಾಳೆ, ರಂಗೋಲಿ ಇಡುತ್ತಾಳೆ, ದೀಪ ಹಚ್ಚಿ ಹಾಡು ಹೇಳುತ್ತಾಳೆ. ಆ ಭಾನುವಾರ ನಮ್ಮ ಬಾಗಿಲಲ್ಲಿ ಮೇಡಂ ನಿಂತಿದ್ದರು, ಕೈಯಲ್ಲಿ ನನ್ನ ಹಾಳೆ.

ಅವ್ವ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. "ನಾನೂ ಮಗ್ಗದ ಮನೆಯೋಳೇ ಅಕ್ಕಾ," ಎನ್ನುತ್ತಾ ಮೇಡಂ ನೆಲಕ್ಕೆ ಕೂತು, ನನ್ನ ಇಂಗ್ಲಿಷನ್ನು ಸಾಲುಸಾಲಾಗಿ ನಮ್ಮ ಮನೆಯ ಕನ್ನಡದಲ್ಲೇ ಹೇಳತೊಡಗಿದರು. ಎರಡು ವರ್ಷ ಅವರನ್ನು ತಮಿಳರೆಂದೇ ತಿಳಿದಿದ್ದ ನಾನು ಬಾಯಿ ಬಿಟ್ಟು ನಿಂತೆ.

"ಯಾರ್ ಮನೆ ಎಂಗ್ಸು, ಟೀಚರಮ್ಮ, ಇವ್ಳು? ದೀಪ ಅಚ್ಚಿ ಪದ ಏಳಕ್ಕೂ ಪುರುಸೊತ್ತೈತಲ್ಲ," ಎಂದಳು ಅವ್ವ.

"ನೀವೇ ಅಂತೆ ಅಕ್ಕಾ. ನಿಮ್ ಮಗ್ಳು ಬರ್ದವ್ಳೆ."

ಲಾಳಿ ನಿಂತಿತು. ಅವ್ವ ಬೈಯಲಿಲ್ಲ. ನನ್ನ ಕಡೆ ತಿರುಗಿ, "ನನ್ನ ಬರ್ಯಕ್ಕೆ ನಾಚ್ಕೆ ಆಯ್ತಾ?" ಎಂದಳು, ಅಷ್ಟೇ.

"ಮಾರ್ಕು ನಾನಾಕಲ್ಲ. ಅವ್ವ ಆಕ್ಲಿ," ಎಂದು ಮೇಡಂ ಎದ್ದರು.

ಒಂದು ವಾರ ಮಗ್ಗದ ಪಕ್ಕ ಕೂತು ಬರೆದೆ, ಬರೆದದ್ದನ್ನು ಅವ್ವನಿಗೆ ಹೇಳಿದೆ. ಊದಿದ ಮಂಡಿ, ತುಂಡಾದ ಎಳೆ, ಕುಡಿಯದೆ ಆರಿದ ಕಾಫಿ. "ಊಂ, ಇವ್ಳು ನಾನೇ," ಎಂದು ಅವ್ವ ಒಪ್ಪಿದ ಮೇಲೆಯೇ ಮೇಡಂ 'ಪರವಾಯಿಲ್ಲೈ' ಎಂದದ್ದು.

ಈಗ ನಾನೂ ಧರ್ಮಪುರಿಯ ಕಡೆ ಒಂದು ಕಾಲೇಜಿನಲ್ಲಿ ಅದೇ ಪಾಠ ಮಾಡುತ್ತೇನೆ. ಕಳೆದ ತಿಂಗಳು ಅದೇ ಪ್ರಶ್ನೆ ಕೊಟ್ಟು, ಉತ್ತರ ತಿದ್ದುತ್ತಾ ಕೂತಿದ್ದಾಗ ಫೋನಿನಲ್ಲಿ ಸುದ್ದಿ ಬಂತು: ಮೇಡಂ ಹೋಗಿಬಿಟ್ಟರು. ಹಿಂದಿನ ದಿನ ತಾನೇ ನನ್ನ ಜೊತೆ ಮಾತಾಡಿದ್ದರು. ನಂಬಲಾಗಲಿಲ್ಲ. ಏನು ಮಾಡುವುದೆಂದು ತೋಚದೆ, ಕೈಗೆ ಸಿಕ್ಕ ಹಾಳೆಯ ಮೇಲೆ ಹೆಬ್ಬೆರಳು ಎಳೆದೆ. ಕೋಳಿ ಕೂಗುವಾಗ ಏಳುವ ತಾಯಿ, ರಂಗೋಲಿ, ದೀಪ, ಹಾಡು. ನಾನು ಬರೆದಿದ್ದ ಅದೇ ಸುಳ್ಳು ತಾಯಿ. ಅರ್ಧ ಗಂಟೆ ಹಿಂದೆ ಅವಳಿಗೆ ಹತ್ತಕ್ಕೆ ಒಂಬತ್ತು ಕೊಟ್ಟವಳು ನಾನೇ.

ಬರೆದವಳು ಪೆನ್ನಾಗರಂ ಕಡೆಯ ಹುಡುಗಿ; ಆ ಕಡೆ ಕನ್ನಡ ಮಾತಾಡುವ ಮನೆಗಳಿವೆ. ಕರೆಸಿದೆ. "ನಿಮ್ಮವ್ವ ದೀಪ ಅಚ್ಚಿ ಪದ ಏಳ್ತಾರಾ?" ಎಂದು ಕನ್ನಡದಲ್ಲೇ ಕೇಳಿದೆ.

ಅವಳು ಬೆಚ್ಚಿಬಿದ್ದಳು. "ಮಿಸ್, ನೀವೂ ಕನ್ನಡದೋರಾ?" ಆಮೇಲೆ ತಲೆ ತಗ್ಗಿಸಿದಳು. "ಇಲ್ಲ ಮಿಸ್. ಅವ್ವ ಬೆಳಕರಿಯಕ್ ಮುಂಚೆನೇ ಆಡು ಕುರಿ ಒಡ್ಕೊಂಡು ಓಯ್ತದೆ. ಇದು ಫೋನ್ ಬರ್ಕೊಟ್ಟಿದ್ದು."

ಒಂಬತ್ತನ್ನು ಹೊಡೆದು ಹಾಕಿದೆ. ಬೇರೆ ಅಂಕಿ ಬರೆಯಲಿಲ್ಲ. ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, "ಭಾನ್ವಾರ ನಿಮ್ಮೂರಿಗೆ ಬಸ್ಸು ಎಷ್ಟೊತ್ತಿಗೈತೆ?" ಎಂದೆ.